ನಲವತ್ತು ಲೋಟ, ಒಂದೇ ಹೆಸರು

ಜನವರಿ 5, 2025. ಭಾನುವಾರ. ಮಧ್ಯಾಹ್ನ 1-20. ರಾಯಚೂರು.

ಮತ್ತೆ ತೊಳೆಯುತ್ತಿದ್ದಾಳೆ. ಬಿಸಾಡಲೆಂದೇ ಮಾಡಿದ ಪ್ಲಾಸ್ಟಿಕ್ ಕಪ್ಪುಗಳು, ಹೆಬ್ಬೆರಳಿನಷ್ಟು. ಇವತ್ತು ಮೂವತ್ತೆಂಟು. ಚರ್ಚಿನಲ್ಲಿ ಕರ್ತನ ಭೋಜನ, ಅಂದರೆ ರೊಟ್ಟಿಯ ಚೂರು, ದ್ರಾಕ್ಷಾರಸದ ಗುಟುಕು, ಮುಗಿದ ಮೇಲೆ ಜನ ಅವನ್ನು ಬಾಗಿಲ ಬಳಿಯ ಡಸ್ಟ್‌ಬಿನ್‌ಗೆ ಹಾಕಿ ಚಪ್ಪಲಿ ಹುಡುಕುತ್ತಾರೆ. ನನ್ನ ಹೆಂಡತಿ ಮೌನೇಶ್ವರಿ ಡಸ್ಟ್‌ಬಿನ್‌ಗೆ ಕೈ ಹಾಕುತ್ತಾಳೆ. ಒಂದೊಂದನ್ನೂ ಆರಿಸಿ, ತಳದಲ್ಲಿ ಉಳಿದ ದ್ರಾಕ್ಷಾರಸದ ಹನಿಯನ್ನು ನೀರು ಹಾಕಿ ಅಲುಗಾಡಿಸಿ, ಆ ನೀರನ್ನು ಬೇವಿನ ಮರದ ಬುಡಕ್ಕೆ ಚೆಲ್ಲುತ್ತಾಳೆ. ಆಮೇಲೆ ಕಪ್ಪು ಕಸಕ್ಕೆ.

ಕೊರೋನಾ ಕಾಲದಲ್ಲಿ ಶುರುವಾದದ್ದು ಈ ಕಪ್ಪು. ಮೊದಲು ಎಲ್ಲರೂ ಒಂದೇ ಬಟ್ಟಲಿಂದ ಕುಡಿಯುತ್ತಿದ್ದೆವು. ಕೊರೋನಾ ಹೋಯಿತು, ಕಪ್ಪು ಉಳಿಯಿತು. ನಮ್ಮ ಸಭೆಯ ಎಲ್ಲರಿಗಿಂತ ಹೆಚ್ಚು ಭೋಜನ ತೆಗೆದುಕೊಂಡದ್ದು ಈ ಬೇವಿನ ಮರವೇ ಅಂದೆ. ಬೈಸಿಕೊಂಡೆ.

"ನಗ್ರಿ, ನಗ್ರಿ. ಕರ್ತನ ರಕ್ತ ಅಂತ ಅಯ್ಯನೋರು ಕೈಯಾಗ ಕೊಡ್ತಾರ. ಹತ್ತು ಹೆಜ್ಜಿ ನಡದ್ರ ಕಸ. ಇದ್ಯಾವ ಪದ್ಧತಿ?"

ನನಗೂ ಗೊತ್ತಿಲ್ಲ. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಗಂಟೆ ಬರೆದಿಡುವ ಚಟ ಮಾತ್ರ ಉಳಿದಿದೆ.

ಜನವರಿ 7. ಮಂಗಳವಾರ. ಬೆಳಿಗ್ಗೆ 7-00.

ಹಳೇ ಬಟ್ಟಲು ನೆನಪಾಯಿತು. ಚರ್ಚಿನ ಕಪಾಟಿನಲ್ಲಿ ಬಟ್ಟೆ ಸುತ್ತಿ ಮಲಗಿದೆ. ಹಿತ್ತಾಳೆಯದು, ಒಳಗೆ ಕಲಾಯಿ. ಪೋತ್ನಾಳದ ಹೆಂಗಸರು ಮನೆಗೊಂದು ಪಾತ್ರೆ ಕೊಟ್ಟು, ಎಲ್ಲವನ್ನೂ ಕರಗಿಸಿ ಮಾಡಿಸಿದ್ದಂತೆ. ನಮ್ಮತ್ತೆ ಗೋಪಮ್ಮ ಕೊಟ್ಟದ್ದು ತನ್ನ ತಂಬಿಗೆ. ಮನೆಯಲ್ಲಿದ್ದದ್ದೇ ಅದೊಂದು. ಆರು ತಿಂಗಳು ಮಡಕೆಯಲ್ಲೇ ನೀರು ಕುಡಿದರಂತೆ.

ತಿಂಗಳ ಮೊದಲನೇ ಭಾನುವಾರದ ಭೋಜನ ರಾಯಚೂರು, ಎರಡನೆಯದು ಮಾನ್ವಿ ಕಡೆ ಪೋತ್ನಾಳ, ಮೂರನೆಯದು ದೇವದುರ್ಗ. ಮೂರು ಸಭೆಗೆ ಒಂದೇ ಬಟ್ಟಲು. ಎಷ್ಟು ಸಲ ನನ್ನ ಬಸ್ಸಿನಲ್ಲೇ ಹೋಗಿದೆ! ನನ್ನ ಸೀಟಿನ ಪಕ್ಕ, ಚೀಲದಲ್ಲಿ. ಅಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಜನ ಕೇಳಿದರೆ "ರಿಸರ್ವ್ ಅದ" ಅನ್ನುತ್ತಿದ್ದೆ.

ಜನವರಿ 19. ಭಾನುವಾರ. ಮಧ್ಯಾಹ್ನ 2-15. ದೇವದುರ್ಗ ಬಸ್‌ಸ್ಟ್ಯಾಂಡ್.

ಬಸ್ ತಡ. ಬರೆದುಬಿಡುತ್ತೇನೆ.

ಯಂಕೋಬ ಭಾವ ಇವತ್ತೂ ಭೋಜನಕ್ಕೆ ಏಳಲಿಲ್ಲ. ಮೌನಿಯ ಅಣ್ಣ, ಎಪ್ಪತ್ತು ದಾಟಿದವ, ಇಲ್ಲೇ ದೇವದುರ್ಗದಲ್ಲಿರುವುದು. ಕೊನೆಯ ಸಾಲು, ಕಿಟಕಿ ಪಕ್ಕ. ಹಾಡುತ್ತಾನೆ, ಮೊಳಕಾಲೂರುತ್ತಾನೆ, ಮೇಜಿನ ಹತ್ತಿರ ಮಾತ್ರ ಬರುವುದಿಲ್ಲ. ಐದು ವರ್ಷದಿಂದ ಹೀಗೆ. ಕೇಳಿದರೆ ಮೊಳಕಾಲು ನೋವು ಅನ್ನುತ್ತಾನೆ. ಊರಲು ಬರುವ ಮೊಳಕಾಲಿಗೆ ನಾಲ್ಕು ಹೆಜ್ಜೆ ನಡೆಯಲು ಯಾಕೆ ಬರುವುದಿಲ್ಲ?

ಇವತ್ತು ಗೊತ್ತಾಯಿತು. ಚಹದಂಗಡಿಗೆ ಹೋದೆವು. ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಬಂತು. ಭಾವ ಮುಟ್ಟಲಿಲ್ಲ. "ಗ್ಲಾಸಿನ್ಯಾಗ ಕೊಡ್ರಿ" ಅಂದ. ಗ್ಲಾಸು ಬಂದ ಮೇಲೆ ನಿಧಾನ ಕುಡಿದ. ಆಮೇಲೆ ತಾನಾಗಿಯೇ ಬಾಯಿ ಬಿಟ್ಟ.

"ನಾ ಸಣ್ಣಾಂವ ಇದ್ದಾಗ ಊರ ಹೋಟ್ಲದಾಗ ನಮ್ಮ ಗ್ಲಾಸು ಹೊರಗ, ಸೂರಿನ್ಯಾಗ ಸಿಗಿಸಿರ್ತಿದ್ರು ಕೃಷ್ಣಪ್ಪ. ನಾವ ತಗೋಬೇಕು, ನಾವ ತೊಳೀಬೇಕು, ನಾವ ತಿರುಗಿ ಸಿಗಿಸಬೇಕು. ಮುಂದ ಅದು ಹೋತು, ಪ್ಲಾಸ್ಟಿಕ್ ಬಂತು. ಅವ್ರಿಗಿ ಕಪ್ಪು-ಬಸಿ, ನಮಗ ಪ್ಲಾಸ್ಟಿಕ್. ಕುಡೀರಿ, ಒಗೀರಿ. ನಮ್ಮ ಚರ್ಚ್ ಗುಡ್ಯಾಗ ಒಂದ ಬಟ್ಲಾ ಇತ್ತು. ನಮ್ಮವ್ವ ಬಾಯಿ ಹಚ್ಚಿದ್ದಕ್ಕ ದೊಡ್ಡ ಅಯ್ಯನೋರು ತಮ್ಮ ಬಾಯಿ ಹಚ್ಚತಿದ್ರು. ಅದನ್ನ ನೋಡೇ ನಾ ಈ ಗುಡಿಗಿ ಬಂದಾಂವ. ಈಗ ಇಲ್ಲಿನೂ ಪ್ಲಾಸ್ಟಿಕ್ ಕೊಟ್ರ ನಾ ಎಲ್ಲಿಗಿ ಹೋಗ್ಲಿ?"

ಮೌನಿ ತನ್ನ ಚಹಾ ಕುಡಿಯಲಿಲ್ಲ. ಈಗ ಪಕ್ಕದಲ್ಲೇ ಕೂತಿದ್ದಾಳೆ. ತಿಂಥಿಣಿಯ ಸಂತ ಮೌನೇಶ್ವರನ ಹೆಸರಿಟ್ಟುಕೊಂಡ ಈ ಲೂಥರನ್ ಚರ್ಚಿನ ಹೆಂಗಸು ಮದುವೆಯಾದಾಗಿನಿಂದ ಒಂದು ಗಳಿಗೆ ಮೌನ ಇದ್ದದ್ದು ನಾ ಕಾಣೆ. ಈಗ ಇಪ್ಪತ್ತು ನಿಮಿಷದಿಂದ ಮಾತಿಲ್ಲ. ನನಗೆ ಹೆದರಿಕೆ.

2-40. ಮಾತು ಬಂತು. "ಕರ್ತನ ಭೋಜನದಾಗ ಅಣ್ಣ ಕುಡಿಯೋತನಕ ನಾನೂ ಕುಡಿಯಂಗಿಲ್ಲ. ಬರ್ಕೋರಿ."

ಬರೆದುಕೊಂಡೆ.

ಜನವರಿ 22. ಬುಧವಾರ. ಸಂಜೆ 5-30.

ಶೇಖರ ಅಯ್ಯನವರು ಮನೆಗೆ ಬಂದಿದ್ದರು. ಮೂರು ಸಭೆಗೂ ಅವರೇ ಪಾಸ್ಟರ್. ಮೂವತ್ತೆರಡು ವರ್ಷ, ಬೈಕು, ಬೆನ್ನಿಗೆ ಬ್ಯಾಗು. ಒಳ್ಳೆಯವರು. ಉಪ್ಪಿಟ್ಟು ಹಾಕಿಕೊಟ್ಟು ಮೌನಿ ಶುರು ಮಾಡಿದಳು.

"ಯವ್ವಾ, ಪಾತ್ರಿ ನಮ್ಮನ್ನ ರಕ್ಷಿಸಂಗಿಲ್ಲ. ಕರ್ತನ ಮಾತು ರಕ್ಷಿಸ್ತದ. ಪಾತ್ರಿ ಬಂಗಾರದ್ದಿರ್ಲಿ, ಮಣ್ಣಿಂದಿರ್ಲಿ, ಮಾತು ಅದೇ" ಅಂದರು.

"ಹಂಗಾದ್ರ ತೆಂಗಿನ ಚಿಪ್ಪಿನ್ಯಾಗ ಕೊಡ್ರಿ, ತಗೋತೀನಿ. ಕಸದಾಗ ಒಗಿಯೋದ್ರಾಗ ಕೊಡಬ್ಯಾಡ್ರಿ."

ಆಮೇಲೆ ಅಣ್ಣನ ಗ್ಲಾಸಿನ ಕಥೆ ಹೇಳಿದಳು. ಅಯ್ಯನವರು ಚಮಚ ಕೆಳಗಿಟ್ಟರು. "ನಮ್ಮಪ್ಪನೂ ಅದೇ ಗ್ಲಾಸು ತೊಳದಾಂವ ಯವ್ವಾ. ನನಗ ಹೊಳಿಲೇ ಇಲ್ಲ ನೋಡು" ಅಂದರು.

ತೀರ್ಮಾನ: ಫೆಬ್ರವರಿ 16, ದೇವದುರ್ಗ, ಹಳೇ ಬಟ್ಟಲು. ಮೌನಿ ಕೂಡಲೇ ಅಣ್ಣನಿಗೆ ಫೋನ್ ಹಚ್ಚಿ ಮಾತು ಕೊಟ್ಟಳು. ಫೋನಿನಲ್ಲಿ ಅವಳು ಕೂಗುವ ದನಿಗೆ ದೇವದುರ್ಗಕ್ಕೆ ಫೋನ್ ಬೇಕಾಗಿರಲಿಲ್ಲ.

ಜನವರಿ 27. ಸೋಮವಾರ. ಬೆಳಿಗ್ಗೆ 10-15.

ಬಟ್ಟಲಿಗೆ ಕಲಾಯಿ ಮಾಡಿಸಿ ತಂದೆ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಳೆ. ತಿಕ್ಕುತ್ತಾ ಹಾಡು. ಹಾಡಿನ ಮಧ್ಯೆ ಕೆಮ್ಮು. ಕ್ರಿಸ್‌ಮಸ್‌ನಿಂದ ಇದೆ ಈ ಕೆಮ್ಮು. ರೈಸ್ ಮಿಲ್ಲಿನ ಧೂಳು ಅನ್ನುತ್ತಾಳೆ. ರೈಸ್ ಮಿಲ್ಲಿಗೆ ಹೋಗುವವನು ಮಗ, ಕೆಮ್ಮುವವಳು ಇವಳು.

ಜನವರಿ 30. ಗುರುವಾರ. ಸಂಜೆ 6-00.

ಸೊಸೆ ಸಂಘಮಿತ್ರಾ ಹಿಡಿದುಹಾಕಿದಳು. ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ. ಭಾನುವಾರ ನಾವು ಚರ್ಚಿಗೆ ಹೋದರೆ ಅವಳು ಬುದ್ಧವಿಹಾರಕ್ಕೆ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದು.

"ಅತ್ತಿ, ಎಷ್ಟ್ ದಿನದಿಂದ ಕೆಮ್ಮಾಕತ್ತೀರಿ?"

"ಮೊನ್ನಿಂದ."

"ಮಾವಾ, ನಿಮ್ಮ ಡೈರ್ಯಾಗ ಏನ್ ಬರದೀರಿ?"

ಇಕ್ಕಟ್ಟು. ಸತ್ಯ ಹೇಳಿದೆ. ಐದು ವಾರ. ಅತ್ತೆ-ಸೊಸೆ ಇಬ್ಬರೂ ನನ್ನನ್ನು ಬೈದರು, ಬೇರೆ ಬೇರೆ ಕಾರಣಕ್ಕೆ. ನಾಳೆ ಕಫ ಪರೀಕ್ಷೆ.

ಫೆಬ್ರವರಿ 4. ಮಂಗಳವಾರ.

ಟಿಬಿ.

ಫೆಬ್ರವರಿ 5. ಬುಧವಾರ. ಮಧ್ಯಾಹ್ನ 12-30.

ಗುಳಿಗೆ ಶುರು. ಆರು ತಿಂಗಳು. ವಾಸಿಯಾಗುತ್ತದೆ, ಹೆದರಬೇಡಿ ಅಂದರು ಡಾಕ್ಟರ್. ಹೆದರಿದ್ದು ನಾನು. ಇವಳಿಗೆ ಬಟ್ಟಲಿನ ಚಿಂತೆ.

"ಬಟ್ಟಲಿಂದ ಟಿಬಿ ಹರಡಂಗಿಲ್ಲ ಅತ್ತಿ. ಅದು ಗಾಳ್ಯಾಗ ಹರಡ್ತದ. ನಿಮಗ ಬೇಕಾಗಿದ್ದು ಗುಳಿಗಿ, ಊಟ, ತೆರದ ಕಿಟಕಿ" ಅಂದಳು ಸಂಘಮಿತ್ರಾ.

"ಟಿಬಿ ಹರಡಂಗಿಲ್ಲ, ಇರ್ಲಿ. ಬ್ಯಾರೆ ಯಾವುದರ ಹರಡಿದ್ರ? ನಾ ಐದು ವಾರ ಕೆಮ್ಮು ಮುಚ್ಚಿಟ್ಟೀನಿ. ಮೂರು ಸಭಿಯೊಳಗ ನನ್ನಂಗ ಇನ್ನೆಷ್ಟು ಮಂದಿ ಏನೇನು ಮುಚ್ಚಿಟ್ಟಾರೋ. ಅಣ್ಣಗ ಎಪ್ಪತ್ತರ ಮ್ಯಾಲ ಆಗ್ಯಾವ. ಜಡ್ಡು ಹಂಚಾಕ ಬಟ್ಲಾ ಮಾಡಿಸಿಲ್ಲ ನಮ್ಮವ್ವ."

ಮೌನಿ ಅಯ್ಯನವರಿಗೆ ತಾನೇ ಫೋನ್ ಮಾಡಿದಳು. ಬಟ್ಟಲು ಒಳಗಿಡ್ರಿ ಅಂದಳು. ಎರಡು ವಾರ ಹಟ ಹಿಡಿದವಳು ಎರಡು ನಿಮಿಷದಲ್ಲಿ ಬಿಟ್ಟುಕೊಟ್ಟಳು. ಫೋನ್ ಇಟ್ಟ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋಡದವನಂತೆ ಕಿಟಕಿ ತೆರೆದೆ.

"ಅಣ್ಣಗ ಹೇಳಬ್ಯಾಡ್ರಿ. ಕೇಳಿದ್ರ ಇದ್ದ ಬಸ್ ಹತ್ತಿ ಓಡಿ ಬರ್ತಾನ. ಜಡ್ಡು ಹತ್ತಿಸಿಕೊಂಡು ಹೋಗ್ತಾನ."

ಫೆಬ್ರವರಿ 8. ಶನಿವಾರ. ಬೆಳಿಗ್ಗೆ 8-10.

ಹಿತ್ತಲ ಕಿಟಕಿಯ ಹೊರಗೆ, ಸೂರಿನ ಕೆಳಗೆ, ಒಂದು ಸ್ಟೀಲ್ ಲೋಟ ಬೋರಲು ಹಾಕಿತ್ತು. ಅವಳದು. ತನ್ನ ಲೋಟ ತಾನೇ ತೊಳೆದು ತಾನೇ ಹೊರಗಿಟ್ಟಿದ್ದಾಳೆ.

ತಂದು ಒಳಗಿಟ್ಟೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ಮೇಲೆ ಇಷ್ಟು ಜೋರು ಮಾಡಿದ್ದಿಲ್ಲ. "ನಿಮ್ಮಣ್ಣಗ ಊರ ಮಂದಿ ಮಾಡಿದ್ದನ್ನ ನಿನಗ ನೀನ ಮಾಡ್ಕೋತೀಯೇನು?" ಅಂದೆ. ಸಂಘಮಿತ್ರಾ ಬಂದು ಲೋಟವನ್ನು ಎಲ್ಲ ಪಾತ್ರೆಗಳ ಜೊತೆ ಕುದಿಯುವ ನೀರಿಗೆ ಹಾಕಿದಳು. "ಇಷ್ಟ ಸಾಕು. ಹೊರಗ ಇಡೋ ಶಾಸ್ತ್ರ ಯಾವ ಲ್ಯಾಬ್‌ನಾಗೂ ಇಲ್ಲ" ಅಂದಳು. ಈ ಸೊಸೆ ನಮ್ಮ ಪುಣ್ಯ. ಮುಖದೆದುರು ಹೇಳುವುದಿಲ್ಲ, ತಲೆ ಮೇಲೆ ಕೂರುತ್ತಾಳೆ.

ಫೆಬ್ರವರಿ 16. ಭಾನುವಾರ. ಮಧ್ಯಾಹ್ನ 2-00. ದೇವದುರ್ಗ.

ಒಬ್ಬನೇ ಬಂದೆ. ಭಾವ ಬಿಳಿ ಅಂಗಿ, ಹೊಸ ಟವೆಲ್ಲು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಐದು ವರ್ಷದ ಮೇಲೆ ಮುಂದಿನ ಸಾಲು. ಮೇಜಿನ ಮೇಲಿನ ಬಟ್ಟೆ ತೆಗೆದರು. ಪ್ಲಾಸ್ಟಿಕ್ ಕಪ್ಪು. ಭಾವ ನೋಡಿದ, ಎದ್ದ, ಹಿಂದೆ ಹೋಗಿ ಕಿಟಕಿ ಪಕ್ಕ ಕೂತ.

"ಮೌನಿ ಮಾತು ಕೊಟ್ಟಿದ್ಲಲ್ಲ" ಅಂದ ಹೊರಗೆ ಬಂದಾಗ.

"ಆಕಿಗಿ ಜ್ವರ ಭಾವ" ಅಂದೆ.

ತಲೆಯಾಡಿಸಿದ, ಸುಳ್ಳನ್ನು ನಂಬಿಲ್ಲ ಅಂತ ಅವನ ಕಣ್ಣು ಹೇಳಿತು. ಬಸ್‌ಸ್ಟ್ಯಾಂಡ್‌ವರೆಗೆ ಕಳಿಸಲು ಬರಲಿಲ್ಲ. ಇದೇ ಮೊದಲು.

ಮಾರ್ಚ್ 13. ಗುರುವಾರ. ಮಧ್ಯಾಹ್ನ 1-45.

ಇಷ್ಟು ದಿನ ಬರೆದಿಲ್ಲ. ಬರೆಯಲು ಇದ್ದದ್ದು ಇಷ್ಟೇ: ಗುಳಿಗೆ, ಮೊಟ್ಟೆ, ಗುಳಿಗೆ, ಬೈಗುಳ. ಬೈಗುಳದಲ್ಲಿ ಮೊದಲಿನ ಖಾರ ಬಂದಿದೆ, ಅಂದರೆ ಗುಣವಾಗುತ್ತಿದೆ.

ಅವತ್ತಿನ ಸ್ಟೀಲ್ ಲೋಟ ತಲೆಯಲ್ಲೇ ಉಳಿದಿತ್ತು. ಕುದಿಸಬಹುದು, ತೊಳೆಯಬಹುದು, ಕಸಕ್ಕೆ ಹೋಗುವುದಿಲ್ಲ. ಅಯ್ಯನವರನ್ನು ಕೇಳಿದೆ, ಸಣ್ಣ ಸ್ಟೀಲ್ ಲೋಟ ಆದೀತೇ ಅಂತ. "ಆಗ್ತದ, ಯಾಕಾಗಂಗಿಲ್ಲ?" ಅಂದರು. ಮೌನಿಗೆ ಹೇಳದೆ ಇವತ್ತು ಬಜಾರಿಗೆ ಹೋದೆ. ಅಬ್ದುಲ್ ವಹೀದ್ ಸಾಹೇಬರ ಪಾತ್ರೆ ಅಂಗಡಿ. ನಮ್ಮ ಮದುವೆಯ ಕೊಡ ಅವರಪ್ಪನ ಅಂಗಡಿಯದು. ಔಷಧಿ ಕುಡಿಯುವ ಲೋಟದಷ್ಟು ಸಣ್ಣವು, ನಲವತ್ತು ಆರಿಸಿದೆ. "ಮೌನೇಶ್ವರಿ ನೋಡಿದ್ರ ಖುಷಿ ಪಡ್ತಾಳ" ಅಂತ ಬಾಯಿ ಬಿಟ್ಟದ್ದೇ ತಪ್ಪು.

ಸಾಹೇಬರಿಗೆ ರಂಜಾನಿನ ರೋಜಾ, ಉಪವಾಸ. ಆದರೂ ನನ್ನ ಮುಖ ನೋಡಿ, "ಹಸದೀರಿ, ಹೋಗಿ ತಿಂದ್ ಬರ್ರಿ ಕೃಷ್ಣಪ್ಪ ಭಾಯ್. ಅಷ್ಟ್ರಾಗ ಕಟ್ಟಿ ಇಡ್ತೀನಿ" ಅಂದರು. ಮಂಡಾಳ ಒಗ್ಗರಣೆ, ಎರಡು ಮಿರ್ಚಿ ತಿಂದು ಬಂದೆ. ಅಂಗಡಿಯಲ್ಲಿ ಹೆಸರು ಹಾಕುವ ಮಷೀನು ಗುಂಯ್‌ಗುಡುತ್ತಿತ್ತು. ನಲವತ್ತನೆಯ ಲೋಟ ಅವರ ಕೈಯಲ್ಲಿ.

ನಲವತ್ತಕ್ಕೆ ನಲವತ್ತೂ. ಒಂದೊಂದರ ಮೇಲೂ ಮೌನೇಶ್ವರಿ.

"ನಮ್ಮಂಗಡಿ ಪಾತ್ರಿ ಹೆಸರಿಲ್ದ ಹೊರಗ ಹೋಗ್ಯಾವೇನ್ರಿ ಎಂದರ?" ಅಂದರು, ನಗುತ್ತಾ. ಚರ್ಚಿಗೆ ಅಂತ ನಾನು ಹೇಳಿದ್ದರೆ ತಾನೇ. ಅಳಿಸಲು ಬರುತ್ತದೆಯೇ ಅಂದೆ. "ಹೊಡದ ಹೆಸರು ಹೋಗಂಗಿಲ್ಲ ಭಾಯ್."

ಈಗ ಚೀಲವನ್ನು ಮಂಚದ ಕೆಳಗೆ ಇಟ್ಟು ಬರೆಯುತ್ತಿದ್ದೇನೆ. ದೇವರೇ ಕಾಪಾಡಬೇಕು.

ಅದೇ ದಿನ. ಸಂಜೆ 5-00.

ಕಾಪಾಡಲಿಲ್ಲ. ಕಸ ಗುಡಿಸುವಾಗ ಪೊರಕೆಗೆ ಚೀಲ ತಗುಲಿತು.

ಒಂದು ಲೋಟ ತೆಗೆದು ನೋಡಿದಳು. ಇನ್ನೊಂದು. ಇನ್ನೊಂದು. "ಕರ್ತನ ಮೇಜಿನ ಮ್ಯಾಲ ನನ್ನ ಹೆಸರಾ? ನಾಚಿಕಿ ಆಗಂಗಿಲ್ಲೇನ್ರಿ ನಿಮಗ? ನಾ ಸತ್ತೀನೇನು, ನನ್ನ ನೆನಪಿಗಿ ಪಾತ್ರಿ ಹಂಚಾಕ?" ಇಷ್ಟು ಹೇಳಿ ತಾನೇ ನಗಲು ಶುರು ಮಾಡಿದಳು. ಕೆಮ್ಮಿಲ್ಲದ ನಗು. ಎಷ್ಟು ದಿನವಾಗಿತ್ತು ಕೇಳಿ. ಹೆಸರು ತಪ್ಪಾದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಮಾರ್ಚ್ 15. ಶನಿವಾರ. ಬೆಳಿಗ್ಗೆ 11-30.

ಅಯ್ಯನವರು ಲೋಟ ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಇರ್ಲಿ ಬಿಡ್ರಿ. ಐದು ವರ್ಷ ಕಸದಾಗ ಕೈ ಹಾಕಿ ತೊಳದಾಕಿ ಹೆಸರು. ಕರ್ತ ಸಿಟ್ಟಾಗಂಗಿಲ್ಲ" ಅಂದರು.

ಮೌನಿ ಒಂದು ಷರತ್ತು ಹಾಕಿದಳು. ಲೋಟ ಮೊದಲೇ ತುಂಬಿಸಿ ಇಡಬಾರದು. ಎಲ್ಲರೆದುರು, ಹಳೇ ಬಟ್ಟಲಿಂದಲೇ ಒಂದೊಂದಕ್ಕೂ ಹೊಯ್ಯಬೇಕು. ಬಟ್ಟಲು ಒಂದೇ ಇರಬೇಕು, ಬಾಯಿ ಬೇರೆ ಆದರೂ.

ಅಯ್ಯನವರು ಒಪ್ಪಿದರು. ಹೊಯ್ಯಲು ಬರಲಿಲ್ಲ. ಬಟ್ಟಲಿಗೆ ಮೂತಿ ಇಲ್ಲ, ಲೋಟ ಸಣ್ಣದು. ನಮ್ಮ ಅಡುಗೆಮನೆಯಲ್ಲೇ ನೀರು ಹಾಕಿ ಅಭ್ಯಾಸ ಮಾಡಿದರು. ನೆಲವೆಲ್ಲ ನೀರು. "ಅಂಜಿ ಹೊಯ್ದ್ರ ಚೆಲ್ತದ ಅಯ್ಯನೋರ. ಬಟ್ಟಲು ಒಮ್ಮಿ ಬಗ್ಗಸ್ರಿ, ಒಮ್ಮಿ ಎತ್ರಿ" ಅಂತ ಇವಳು ಕಿಟಕಿ ಹತ್ತಿರ ಕೂತು ಪಾಠ. ಮೂವತ್ತನೇ ಲೋಟಕ್ಕೆ ಕೈ ಕುದುರಿತು. ಸಂಘಮಿತ್ರಾ ನೆಲ ಒರೆಸುತ್ತಾ, "ಪಾಸ್!" ಅಂದಳು.

ನಾಳೆಯೇ ದೇವದುರ್ಗಕ್ಕೆ ಒಯ್ಯೋಣವೇ ಅಂದರು ಅಯ್ಯನವರು. ಮೌನಿ ತಲೆ ಅಲ್ಲಾಡಿಸಿದಳು. "ಅಣ್ಣಗ ನಾನ ಮುಂದ ನಿಂತು ಹೇಳಬೇಕು. ಗುಣ ಆಗಲಿ."

ಏಪ್ರಿಲ್ 9. ಬುಧವಾರ. ಸಂಜೆ 5-50.

ಎರಡು ತಿಂಗಳ ಪರೀಕ್ಷೆ. ಕಫದಲ್ಲಿ ಏನೂ ಇಲ್ಲ. ಗುಳಿಗೆ ಇನ್ನೂ ನಾಲ್ಕು ತಿಂಗಳು, ಆದರೆ ಜನರೊಳಗೆ ಹೋಗಬಹುದು. ಸಂಘಮಿತ್ರಾ ರಿಪೋರ್ಟ್ ಹಿಡಿದುಕೊಂಡು ಆಟೋದಿಂದಲೇ ಕೂಗಿದಳು. ಓಣಿಗೆಲ್ಲ ಗೊತ್ತಾಯಿತು. ಗೊತ್ತಾಗಲಿ.

ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ.

ಏಪ್ರಿಲ್ 20. ಈಸ್ಟರ್. ಸಂಜೆ 6-20. ದೇವದುರ್ಗ ಬಸ್‌ಸ್ಟ್ಯಾಂಡ್.

ತೊಡೆಯ ಮೇಲೆ ಚೀಲ, ಅದರ ಮೇಲೆ ಡೈರಿ. ಅಕ್ಷರ ಸೊಟ್ಟ ಬಂದರೂ ಬರೆಯಲೇಬೇಕು.

ಈಸ್ಟರ್ ಆರಾಧನೆ ಬೆಳಿಗ್ಗೆ ರಾಯಚೂರು, ನಾಲ್ಕು ಗಂಟೆಗೆ ಇಲ್ಲಿ. ಭಾವ ಕೊನೆಯ ಸಾಲಿನಲ್ಲೇ ಇದ್ದ. ಎರಡು ತಿಂಗಳಿಂದ ಫೋನ್ ಎತ್ತಿರಲಿಲ್ಲ. ಮೌನಿ ಸೀದಾ ಹೋಗಿ ಅವನ ಪಕ್ಕ ಕೂತಳು. ನಾನು ಹಿಂದೆ ನಿಂತಿದ್ದೆ.

"ಅಣ್ಣಾ, ನನಗ ಟಿಬಿ ಆಗಿತ್ತು. ಬಟ್ಲಾ ಬ್ಯಾಡ ಅಂದಾಕಿ ನಾನ. ಅಯ್ಯನೋರು ಮಾತು ತಪ್ಪಿಲ್ಲ. ನಿನಗ ಏನರ ಆದೀತು ಅಂತ ಅಂಜಿದೆ."

ಭಾವ ತಿರುಗಿ ಅವಳ ಮುಖ ನೋಡಿದ. ಗಲ್ಲ ಹಿಡಿದು ನೋಡಿದ. "ಎಷ್ಟ್ ಸೊರಗೀದಿ ಹುಚ್ಚೀ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬಂದುಬಿಡ್ತಿದ್ದಿ."

"ಬರ್ತಿದ್ದೆ ಮತ್ತ!"

ಹಾಡು ಶುರುವಾಯಿತು. ಅಯ್ಯನವರು ಬಟ್ಟಲು ಎತ್ತಿದರು, ಕರ್ತನ ಮಾತು ಓದಿದರು, ಆಮೇಲೆ ಹೊಯ್ದರು. ಒಂದೊಂದೇ ಲೋಟಕ್ಕೆ, ಎಲ್ಲರೆದುರು. ಒಂದು ಹನಿ ಚೆಲ್ಲಲಿಲ್ಲ. ಮೌನಿಯ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ, ಕಿವಿಗೊಟ್ಟರೆ, "ಬಗ್ಗಸ್ರಿ... ಎತ್ರಿ... ಬಗ್ಗಸ್ರಿ..."

ಜನ ಮುಂದೆ ಹೋದರು. ಭಾವ ಏಳಲಿಲ್ಲ. ಮೌನಿಯೂ ಏಳಲಿಲ್ಲ. ಕೊನೆಗೆ ಎರಡೇ ಲೋಟ ಉಳಿದವು. ಅಯ್ಯನವರು ತಟ್ಟೆ ಹಿಡಿದು ತಾವೇ ಕೊನೆಯ ಸಾಲಿಗೆ ನಡೆದು ಬಂದರು.

ಭಾವ ಲೋಟ ತೆಗೆದುಕೊಂಡ. ಕನ್ನಡಕ ಇಲ್ಲ. ಬೆರಳಿನಿಂದ ಸವರಿ ನೋಡಿದ. "ಏನೋ ಬರದಾರಲ್ಲ..." ಕಿಟಕಿ ಬೆಳಕಿಗೆ ಹಿಡಿದ. "ಮೌ... ನೇ..." ನಿಂತ. ತಂಗಿಯ ಕಡೆ ನೋಡಿದ.

"ಇವರು ಮಾಡಿದ ಹುಚ್ಚು ಕೆಲಸ ಅಣ್ಣಾ" ಅಂದಳು ನನ್ನ ಕಡೆ ಬೆರಳು ತೋರಿಸಿ.

"ನಮ್ಮ ಮನಿ ಲೋಟ" ಅಂದ ಭಾವ. ಕುಡಿದ. ಮೌನಿಯೂ ಕುಡಿದಳು.

ಆಶೀರ್ವಾದ ಆಯಿತು. ಜನ ಲೋಟಗಳನ್ನು ತಟ್ಟೆಯಲ್ಲಿಟ್ಟು ಹೊರಟರು. ಭಾವ ಇಡಲಿಲ್ಲ. ಲೋಟ ಹಿಡಿದುಕೊಂಡೇ ಹೊರಗೆ ಹೋದ. ಗೋಡೆ ಪಕ್ಕದ ನೀರಿನ ಕೊಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಲೋಟಕ್ಕೆ ನೀರು ಹಾಕಿಕೊಂಡು ತೊಳೆಯಲು ಹೋದ. ಯಾರೂ ಹೇಳಿರಲಿಲ್ಲ. ಅರವತ್ತು ವರ್ಷದ ಹಿಂದೆ ಕಲಿತ ಕೈ.

ಮೌನಿ ಹಿಂದೆಯೇ ಹೋದಳು. ಅವನ ಕೈಯಿಂದ ಲೋಟ ತೆಗೆದುಕೊಂಡಳು.

"ಬಿಡಣ್ಣಾ. ನಿನ್ನ ಲೋಟ ನಾ ತೊಳಿತೀನಿ."

ಭಾವ ಕೂತೇ ಇದ್ದ. ಒದ್ದೆ ಕೈ ಹಾಗೇ ಚಾಚಿಕೊಂಡು. ಆಮೇಲೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ಮೌನಿ ತೊಳೆದ ನೀರನ್ನು ಗೋಡೆ ಪಕ್ಕದ ದಾಸವಾಳದ ಬುಡಕ್ಕೆ ಹಾಕಿದಳು. ಇಲ್ಲಿ ಬೇವಿಲ್ಲ.

ಈಗ ಲೋಟಗಳ ಚೀಲ ನನ್ನ ತೊಡೆಯ ಮೇಲೆ, ಬಟ್ಟಲು ಅವಳ ಮಡಿಲಲ್ಲಿ. ಭಾವ ಕಳಿಸಲು ಬಂದಿದ್ದಾನೆ. ಮೂರು ಚಹಾ ತಂದ, ಮೂರೂ ಗ್ಲಾಸಿನಲ್ಲಿ. ಮುಂದಿನ ತಿಂಗಳು ಪೋತ್ನಾಳಕ್ಕೂ ಬರುತ್ತಾನಂತೆ, ಅವ್ವನ ತಂಬಿಗೆ ಕರಗಿದ ಬಟ್ಟಲಿನ ಜೊತೆ. ಮೌನಿ ಕೇಳುತ್ತಿದ್ದಾಳೆ, ಅಷ್ಟು ದೂರ ಮೊಳಕಾಲು ನೋಯುವುದಿಲ್ಲ ಏನಣ್ಣ ಅಂತ. ಭಾವ ಹೇಳುತ್ತಿದ್ದಾನೆ, ಮೊಳಕಾಲು ಯಾವತ್ತು ನೋವಿತ್ತು ನನಗ —

ಬಸ್ ಬಂತು. ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುತ್ತಿದ್ದಾನೆ. ಮೂರು ಸೀಟು ಯಾಕೆ ಅಂತ ಕೇಳಿದವರಿಗೆ, ಒಂದು ಬಟ್ಟಲಿಗೆ, "ರಿಸರ್ವ್ ಅದ" ಅನ್ನುತ್ತಿದ್ದಾನೆ.